ಚೀಟಿಯಲ್ಲಿ ಬಂದ ನಡುವಿನ ಜಾಗ

ದಿಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೊದಲ ದಿನವೇ ಹುಡುಗಿಯೊಬ್ಬಳು ನಮ್ಮ ಪ್ರೊಫೆಸರರನ್ನು ಬರೀ ಹೆಸರು ಹಿಡಿದು ಕರೆದು, "ನಿಮ್ಮ ವಾದ ತಪ್ಪು" ಅಂದಳು. ಇನ್ನು ಜಗಳ ಗ್ಯಾರಂಟಿ ಎಂದು ನಾನು ಎದ್ದು ನಿಂತೆ. ಪ್ರೊಫೆಸರರು ನಗುತ್ತ ಅವಳ ಮಾತು ಬರೆದುಕೊಂಡರು.

ಇಲ್ಲಿಗೆ ಓದಲು ಬರುವ ನಮ್ಮ ಕಡೆಯವರಿಗೆ ಒಂದು ಮಾತು. ಮನೆ ಮಾಲೀಕರು ಬಾಡಿಗೆ ಹೇಳುವ ಮೊದಲೇ 'ಪೂರಾ ನಾಮ್' ಕೇಳುತ್ತಾರೆ, ಅಡ್ಡಹೆಸರಿನಲ್ಲಿ ಜಾತಿ ಹುಡುಕಲು. ನಾನು ಇಂಡಿ ಪೇಟೆಯಲ್ಲಿ ಲಿಂಬೆಹಣ್ಣು ಮಾರಿ ಎಂ.ಎ. ಮುಗಿಸಿದವನು, ಚೌಕಾಸಿ ಗೊತ್ತು; ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರು ಹೇಳಿ ಬರ್ಸಾತಿ ಹಿಡಿದೆ. ಬರ್ಸಾತಿ ಅಂದರೆ ಮಾಳಿಗೆ ಮೇಲಿನ ಒಂಟಿ ಕೋಣೆ. ಬಾಡಿಗೆ ಇಳಿಸಿ ಎನ್ನಬೇಡಿ, ನೀರು ಬಿಡುವ ಹೊತ್ತು ಹೆಚ್ಚಿಸಿ ಎನ್ನಿ. ಬೇಸಿಗೆಯಲ್ಲಿ ನನ್ನ ಮಾತು ನೆನೆಯುತ್ತೀರಿ.

ನಮ್ಮ ವಿಭಾಗದಲ್ಲಿ ರಾಜಕೀಯ ಚಿಂತನೆ, ಸಮಾಜಶಾಸ್ತ್ರ, ಸಾಹಿತ್ಯದವರು ಒಂದೇ ಮೇಜಿಗೆ ಕೂತು ವಾದಿಸುತ್ತಾರೆ. ನನ್ನ ಸಂಶೋಧನೆ ನಮ್ಮೂರಿನ ಮೇಲೆಯೇ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಹೋಗಿ ನಿಡಗುಂದಿ ಹತ್ತಿರ ಹೊಸದು ಎದ್ದಾಗ, ಚೀಟಿ ಎತ್ತಿ ಜಾಗ ಹಂಚಿದರು. ತಲೆಮಾರುಗಟ್ಟಲೆ ಊರಾಚೆಯ ಕೇರಿಯಲ್ಲಿದ್ದ ದಲಿತರು ನಾವು. ಅವ್ವನಿಗೆ ಊರ ನಟ್ಟನಡುವೆ ಜಾಗ ಬಂತು. ಆಮೇಲೆ ಮಂದಿ ತಮ್ಮತಮ್ಮಲ್ಲೇ ಜಾಗ ಅದಲುಬದಲು ಮಾಡಿಕೊಂಡು ಹಳೆಯ ಓಣಿಗಳನ್ನೇ ಮತ್ತೆ ಕಟ್ಟಿಕೊಂಡರು. ನಮ್ಮ ಕೇರಿಯವರೂ ಅಂಚಿಗೆ ಸರಿದರು. ನಡುವೆ ಉಳಿದವಳು ಅವ್ವ ಒಬ್ಬಳೇ. ಬಿಡಬೇಡ ಎಂದವನು ನಾನು.

ರವಿವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ ಅದೇ ಮಾತು.

"ಗೌಡ್ರು ಮತ್ತ ಬಂದಿದ್ರು ತಮ್ಮಾ. 'ಏನಬೇ ಶಾಂತವ್ವ, ನಿಮ್ಮ ಮಂದಿ ಆ ಕಡಿ, ನೀ ಒಬ್ಬಾಕಿ ಈ ಕಡಿ, ಚಂದ ಕಾಣತೈತೇನು? ದೊಡ್ಡ ಜಾಗಾ ಕೊಡಸ್ತೇನಿ, ಬಾಗಿಲಾಗ ನಳಾ' ಅಂದ್ರು."

"ಅರಮನಿ ಕೊಟ್ರೂ ಒಲ್ಲೆ ಅನ್ನಬೇ."

"ನೀ ದಿಲ್ಲ್ಯಾಗ ಕುಂತು ವ್ಯಾಪಾರ ಕುದುರಸ್ತಿ. ಇಲ್ಲಿ ಬಾಳೇ ಮಾಡಾಕಿ ನಾ."

ಆ ವಾರ ವಿಭಾಗದ ಮೇಜಿನ ಮುಂದೆ ನನ್ನ ಪ್ರಬಂಧ ಓದಿದೆ. "ಸರ್ಕಾರದ ಚೀಟಿಯನ್ನು ಜನರೇ ತಿದ್ದಿಕೊಂಡರು, ಸಮುದಾಯದ ಶಕ್ತಿ ನೋಡಿ!" ಎಂದರು ಪ್ರೊಫೆಸರರು. "ಯಾರ ಸಮುದಾಯ? ಇದು ಬಲವಂತ" ಎಂದಳು ಆ ಹುಡುಗಿ. ನಾನು ಮೇಜು ಕುಟ್ಟಿ ಹೇಳಿದೆ: "ಬಲವಂತವೇ. ನಮ್ಮವ್ವ ಮಾತ್ರ ಕದಲಿಲ್ಲ."

ಮುಂದಿನ ರವಿವಾರ ಅವ್ವ, "ಬಿಟ್ಟುಕೊಟ್ಟೆ ತಮ್ಮಾ" ಅಂದಳು.

"ಹೆದರಿಸಿದ್ರೇನು?"

"ಯಾರೂ ಹೆದರಿಸಿಲ್ಲ. ಯಾರೂ ಮಾತಾಡಿಸಲಿಲ್ಲ, ಅಷ್ಟ. ಹಿಟ್ಟು ತೀರಿದ್ರ ಯಾರ ಬಾಗಿಲಿಗೆ ಹೋಗ್ಲಿ? ನಿನಗ ನಡುವಿನ ಜಾಗಾ ಬೇಕಿತ್ತು, ನನಗ ಮಂದಿ ಬೇಕಿತ್ತು."

ದೀಪಾವಳಿಗೆ ಊರಿಗೆ ಹೋದೆ. ಅಂಚಿನಲ್ಲಿ ಅವ್ವನ ಹೊಸ ಮನೆಯ ಅಂಗಳದಲ್ಲಿ ಹೆಂಗಸರು ಕೂಡಿ ರೊಟ್ಟಿ ಬಡಿಯುತ್ತಿದ್ದರು. "ದಿಲ್ಲಿ ಸಾಹೇಬ ಬಂದಾನ, ಖುರ್ಚಿ ತರ್ರೆ, ನೆಲ ಚುಚ್ಚೀತು!" ಎಂದಳು ಒಬ್ಬಳು. ಅವ್ವ ಕಣ್ಣೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಡುವಿನ ಮನೆಯಲ್ಲಿ ನಾನು ಕಂಡಿರಲಿಲ್ಲ.

ಬಲವಂತ ಎಂದು ದಿಲ್ಲಿಯಲ್ಲಿ ಈಗಲೂ ವಾದಿಸುತ್ತೇನೆ, ಗೆಲ್ಲುತ್ತೇನೆ. ಆ ಅಂಗಳದಲ್ಲಿ ಮಾತ್ರ ಅದು ಬಾಯಿಗೆ ಬರಲಿಲ್ಲ.

ಉಣ್ಣಲು ಕೂತಾಗ ಅವ್ವ ಕೇಳಿದಳು: "ಅಲ್ಲಿ ನಿನ್ನ ಮಾತಾಡಸವ್ರು ಯಾರ್ ಅದಾರೋ?"

ನಾನು ರೊಟ್ಟಿ ಮುರಿಯುತ್ತ ಕೂತೆ.