ಲಾರಿಯ ಜಡ್ಡು ಹೇಳುವ ಡಬ್ಬಿ

ನಮ್ಮ ಲಾರಿ ಕೆಟ್ಟರೆ ಮೊದಲು ರಾಣೇಬೆನ್ನೂರಿನ ಗ್ಯಾರೇಜಿಗೆ ಹೋಗುತ್ತಿದ್ದದ್ದು ಲಾರಿಯಲ್ಲ, ನಾನು. ಅಪ್ಪ ಲೋಡು ಹೊತ್ತು ಎಲ್ಲೋ ಇರುತ್ತಿದ್ದ. ಹಿಂದಿನ ದಿನ ಕ್ಯಾಬಿನ್ನಿನಲ್ಲಿ ಕೂತು ಸದ್ದನ್ನು ಕಲಿತುಕೊಂಡ ನಾನು ಬೈಕ್ ಹತ್ತಿ ಮಿಸ್ತ್ರಿಯ ಮುಂದೆ ಹಾಜರಾಗುತ್ತಿದ್ದೆ. ಅವರು ಸ್ಟೂಲ್ ಹಾಕಿ ಕೂರಿಸಿ, "ಹೂಂ, ಸ್ಟಾರ್ಟ್ ಮಾಡು" ಎನ್ನುತ್ತಿದ್ದರು. ನಾನು ಗುರುಗುಟ್ಟಿ, ಗೇರ್ ಬದಲಿಸಿ, ಏರಿನಲ್ಲಿ ಏದುಸಿರು ಬಿಟ್ಟು ತೋರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ ಜಡ್ಡಿನ ಹೆಸರು ಹೇಳುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿಯೇ ಇರುತ್ತಿತ್ತು. ನಮ್ಮಿಬ್ಬರನ್ನೂ ಕೆಡಿಸಿದ್ದು ಅದೇ.

ಈ ಸಲದ ಮೆಣಸಿನಕಾಯಿ ಸೀಜನ್ನಿನಲ್ಲಿ ಲಾರಿಗೆ ಹೊಸ ಚಟ ಅಂಟಿತು. ಬ್ಯಾಡಗಿಯಿಂದ ತುಂಬಿಕೊಂಡು ಮೋಟೆಬೆನ್ನೂರು ದಾಟಿ ಹೈವೇಯ ಮೇಲ್ಸೇತುವೆ ಏರಿದರೆ ಸಾಕು, ಸ್ಟೀರಿಂಗಿನ ಮುಂದಿನ ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತಿತ್ತು, ಗಾಡಿ ಜಗ್ಗುತ್ತಿರಲಿಲ್ಲ. ನಿಲ್ಲಿಸಿ, ಆರಿಸಿ, ಮತ್ತೆ ಹಚ್ಚಿದರೆ ದೀಪವಿಲ್ಲ. ಏನೂ ಅರಿಯದ ಕೂಸಿನಂತೆ ಓಡುತ್ತಿತ್ತು. ನಾನು ಗ್ಯಾರೇಜಿಗೆ ಹೋಗಿ ಅಭಿನಯಿಸಿದೆ. ಅವತ್ತು ನಾಲ್ಕು ಮಂದಿ ಡ್ರೈವರುಗಳು ಚಹಾ ಕುಡಿಯುತ್ತ ನೋಡುತ್ತಿದ್ದರು. ಜನ ಕಂಡರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಚಂದ ಕಾಣಲೆಂದು ನಡುವೆ ನಾಲ್ಕು ಸಲ "ಟಣ್ ಟಣ್" ಸೇರಿಸಿದೆ. ಚಪ್ಪಾಳೆ ಬಿತ್ತು. ಮಿಸ್ತ್ರಿ ಚಪ್ಪಾಳೆ ಹೊಡೆಯಲಿಲ್ಲ. ಮರುದಿನ ಲಾರಿ ಕರೆಸಿ, ಆ ಟಣ್ ಟಣ್ ನಂಬಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಿದರು.

ಗುರುವಾರ ಮತ್ತೆ ಅದೇ ಏರು, ಅದೇ ದೀಪ. ಮಧ್ಯಾಹ್ನ ಮುಟ್ಟಬೇಕಾದ ಲೋಡು ಸಂಜೆ ಮುಟ್ಟಿತು. ಬ್ಯಾಡಗಿಯ ದಲಾಲಿ ಅಂಗಡಿಯ ಸಾಹುಕಾರರು ಅಪ್ಪನಿಗೆ ಹೇಳಿದರು: "ಸೋಮವಾರದ್ ಲೋಡ್ ಒಂದ್ ಕೊಡ್ತೇನ್ರಿ. ಮತ್ತ ದಾರ್ಯಾಗ ನಿಂತ್ರ, ಈ ಸೀಜನ್ನಿಗೆ ನಾ ಬ್ಯಾರೆ ಲಾರಿ ನೋಡ್ಕೋತೇನಿ. ಸಿಟ್ಟಾಗಬ್ಯಾಡ್ರಿ." ಅಪ್ಪ ಸಿಟ್ಟಾಗಲಿಲ್ಲ. ನನಗೆ ಬೈಗುಳವಾದರೂ ಬೇಕಿತ್ತು.

ಮಿಸ್ತ್ರಿಯ ಮುಂದೆ ತಪ್ಪೊಪ್ಪಿಕೊಂಡೆ. "ಕಾಕಾ, ಆ ಟಣ್ ಟಣ್ ನಮ್ಮ ಲಾರೀದಲ್ರಿ."

"ಮತ್ತ ಯಾರ್ದೋ?"

"ಬಾಜೂ ಮನಿಯವ್ರದು."

ಅವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನವನ್ನೂ ನನ್ನ ಬಾಯನ್ನೂ ಒಂದಾದ ಮೇಲೊಂದು ನೋಡಿದರು, ಅಳತೆ ಕೂಡುತ್ತದೋ ಇಲ್ಲವೋ ಎಂಬಂತೆ. "ಹಂಗಾರ ನಾ ಇಷ್ಟ್ ದಿನ ಯಾರ್ಯಾರ ಲಾರಿ ರಿಪೇರಿ ಮಾಡೇನೋ ದೇವರಿಗೇ ಗೊತ್ತು. ಸುಮ್ನ ಲಾರೀ ಜಡ್ಡು ಓದೂ ಒಂದ್ ಸ್ಕ್ಯಾನರ್ ತಗೊಂಡ್ ಕ್ಯಾಬಿನ್ನಾಗ ಇಟ್ಕೋ. ದೀಪ ಹತ್ತಿದಲ್ಲೇ ನೋಡು. ಅದಕ್ಕ ಚಂದ ಮಾಡೂದ್ ಗೊತ್ತಿಲ್ಲ."

ಹಾವೇರಿಯ ಬಿಡಿಭಾಗದ ಅಂಗಡಿಯಲ್ಲಿ ಮೂರು ಡಬ್ಬಿಗಳು ನನ್ನ ಮುಂದೆ ಬಂದವು. ಹೆಬ್ಬೆರಳಿನಷ್ಟು ದೊಡ್ಡದೊಂದು, ಫೋನಿಗೆ ಸುದ್ದಿ ಕಳಿಸುವಂಥದು. ವೈರು ಮತ್ತು ಅಂಗೈಯಗಲದ ಪರದೆ ಇದ್ದದ್ದು ಇನ್ನೊಂದು. ಮೂರನೆಯದು ಶಾಲೆಯ ಪಾಟಿಯಷ್ಟಿತ್ತು. ಅದರ ಬೆಲೆ ಕೇಳಿ, ಮಲಗಿದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟೆ. ಅಂಗಡಿಯವರು ಒಂದೇ ಉಸಿರಿನಲ್ಲಿ ಪ್ರೋಟೋಕಾಲು, ಲೈವ್ ಡಾಟಾ, ಅಪ್‌ಡೇಟು ಎಂದು ಪಾಠ ಒಪ್ಪಿಸಿದರು. ಅದನ್ನು ಅವರದೇ ದನಿಯಲ್ಲಿ ಈಗಲೂ ಒಪ್ಪಿಸಬಲ್ಲೆ. ಅರ್ಥ ಮಾತ್ರ ಕೇಳಬೇಡಿ.

"ಈ ಸಣ್ಣದು ಲಾರಿಗೆ ನಡೀತೈತೇನ್ರಿ?"

"ಪಿನ್ ಕುಂತ್ರ ನಡೀತೈತ್ರಿ."

ಮಿಸ್ತ್ರಿಗೆ ಫೋನ್ ಹಚ್ಚಿದೆ. "ಪಿನ್ ಕುಂದ್ರೂದ ಬ್ಯಾರೆ, ಮಾತಾಡೂದ ಬ್ಯಾರೆ" ಎಂದರು. "ಅದು ಕಾರಿಂದು, ಹನ್ನೆರಡು ವೋಲ್ಟು. ನಿಮ್ಮದು ಜೋಡಿ ಬ್ಯಾಟರಿ, ಇಪ್ಪತ್ನಾಲ್ಕು. ಸುಟ್ಟ ಹೋಗ್ತೈತಿ. ಲಾರಿಗೆ ಹಚ್ಚಿ ನೋಡಲಾರ್ದ ಯಾವದೂ ತಗೋಬ್ಯಾಡ."

ಭಾನುವಾರ ಅಪ್ಪನನ್ನು ಕಾಡಿ ಬೇಡಿ ಲಾರಿಯನ್ನೇ ಅಂಗಡಿಯ ಮುಂದೆ ತಂದು ನಿಲ್ಲಿಸಿದೆವು. ನಡುವಿನ ಡಬ್ಬಿ ಹಚ್ಚಿದಾಗ ಪರದೆ ಬೆಳಗಿತು, ಒಂದು ಅಕ್ಷರ ಮತ್ತು ನಾಲ್ಕು ಅಂಕಿ ಬಂದವು. ಅಂಗಡಿಯವರು ಅದರ ಅರ್ಥವನ್ನು ಫೋನಿನಲ್ಲಿ ಹುಡುಕಿ, "ಡೀಸೆಲ್ ಒತ್ತಡ ಕಡಿಮಿ ಐತ್ರಿ" ಎಂದರು. ಏಕೆ ಎಂದರೆ ಪಂಪು ಇರಬಹುದು, ಫಿಲ್ಟರ್ ಇರಬಹುದು, ಸೆನ್ಸರ್ ಇರಬಹುದು, ಪೈಪಿನಲ್ಲಿ ಗಾಳಿಯೂ ಇರಬಹುದು. ಮೊದಲು ನನಗೆ ಗೊತ್ತಿಲ್ಲದ್ದು ಒಂದೇ ಇತ್ತು. ಈಗ ನಾಲ್ಕಾದವು. ಆದರೂ ಕೊಂಡೆ. ಲಾರಿಯೊಂದಿಗೆ ಮಾತಾಡಿದ ಅಗ್ಗದ ಡಬ್ಬಿ ಅದೊಂದೇ.

ಸೋಮವಾರ ಚೀಲಗಳ ಘಾಟಿಗೆ ಸೀನುತ್ತ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕ ಕೂತೆ. ಪರದೆಯಲ್ಲಿ ಅಂಗಡಿಯವರು ತೋರಿಸಿಕೊಟ್ಟಿದ್ದ ಎರಡು ಸಾಲು: ಮೇಲಿನದು ಇಂಜಿನ್ ಕೇಳುವ ಒತ್ತಡ, ಕೆಳಗಿನದು ಅದಕ್ಕೆ ಸಿಗುವ ಒತ್ತಡ. ಸಪಾಟು ರಸ್ತೆಯಲ್ಲಿ ಎರಡೂ ಜೋಡೆತ್ತಿನಂತೆ ಹೋಗುತ್ತಿದ್ದವು. ಮೇಲ್ಸೇತುವೆ ಬಂತು. ಅಪ್ಪ ಕಾಲು ಒತ್ತಿದಂತೆ ಮೇಲಿನದು ಏರಿತು, ಕೆಳಗಿನದು ಜಾರತೊಡಗಿತು.

"ಅಪ್ಪಾ, ಇಳಸು!"

"ಏನ್ ಇಳಸ್ಲೋ ನಡುರಸ್ತೆದಾಗ, ಲೋಡೇನು?"

"ಕಾಲು! ಕಾಲು ಸಡಲ ಬಿಡು! ಸಣ್ಣ ಗೇರಿಗೆ ಹಾಕು!"

ಅಪ್ಪ ಕಾಲು ಸಡಿಲಿಸಿದ. ಕೆಳಗಿನ ಸಾಲು ತಡವರಿಸಿ, ನಿಂತು, ಮತ್ತೆ ಮೇಲೆ ಬಂತು. ಹಿಂದಿನ ಬಸ್ಸುಗಳು ನಮ್ಮ ವಂಶವನ್ನೆಲ್ಲ ಹಾರ್ನಿನಲ್ಲಿ ಬೈಯುತ್ತಿದ್ದವು. ಎಮ್ಮೆಯ ನಡಿಗೆಯಲ್ಲಿ ಏರು ದಾಟಿದೆವು. ದೀಪ ಹತ್ತಲಿಲ್ಲ.

ರಾಣೇಬೆನ್ನೂರಿನಲ್ಲಿ ಮಿಸ್ತ್ರಿ ನಾನು ಹೇಳಿದ್ದನ್ನು ಕೇಳಿ, "ಬೇಡಿದಷ್ಟ್ ಡೀಸೆಲ್ ಬರವಲ್ದು" ಎಂದು ಟ್ಯಾಂಕಿನ ಕಡೆಗೇ ಹೋದರು. ಅಲ್ಲಿ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಸೀಳಿಹೋಗಿ, ಡೀಸೆಲ್ಲಿನ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಬದಲಿಸಲು ಅರ್ಧ ಗಂಟೆ. ಕುಮಾರಪಟ್ಟಣದ ಹತ್ತಿರ ಹೊಳೆ ದಾಟುವಾಗ ಅಪ್ಪ ಜೋರಾಗಿ ಒತ್ತಿದರೂ ಎರಡು ಸಾಲುಗಳು ಒಂದರ ಕೈಯನ್ನೊಂದು ಬಿಡಲಿಲ್ಲ.

ಮಧ್ಯಾಹ್ನ ಚೀಲಗಳು ಇಳಿಯುವಾಗ ಸಾಹುಕಾರರ ಫೋನ್ ಬಂತು. "ಮುಟ್ಟೀರೇನ್ರಿ? ಹಂಗಾರ ಗುರುವಾರ ಲಗೂ ಬರ್ರಿ, ಲೋಡ್ ಭಾಳ ಐತಿ."

ಅಪ್ಪ ಫೋನ್ ಜೇಬಿಗಿಟ್ಟು, ಎಷ್ಟೋ ದಿನದ ಮೇಲೆ ನನ್ನತ್ತ ತಿರುಗಿ ನಕ್ಕ. "ಗುರುವಾರ ನೀನೂ ಬಾ. ಆ ಡಬ್ಬಿ ನನಗ ಓದಾಕ ಬರಂಗಿಲ್ಲ."

ಪರದೆಯಲ್ಲಿ ಆ ಎರಡು ಸಾಲಿನ ಕೆಳಗೆ ಇನ್ನೂ ಹದಿನೆಂಟು ಸಾಲುಗಳಿದ್ದವು. ಅವು ಏನೆಂದು ನನಗೂ ತಿಳಿಯದು ಎಂದು ಹೇಳಲು ಅದು ಸರಿಯಾದ ಹೊತ್ತಾಗಿರಲಿಲ್ಲ.