ಆಯುಧಪೂಜೆಗೆ ಇಟ್ಟ ಬ್ಯಾಟು

ಮೊನ್ನೆ ಇಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ ಶೂ ರಿಪೇರಿ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಚರ್ಮಕ್ಕೆ ಎಣ್ಣೆ ಹಚ್ಚಿದ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲಕ್ಕೆ ನಮ್ಮ ಮನೆಯ ಮೇಲಿನ ರೂಮು ಹೀಗೇ ನಾರುತ್ತಿತ್ತು. ಗೊಣಗುತ್ತಲೇ ಕಿಟಕಿ ತೆಗೆಯುತ್ತಿದ್ದವಳು ನಾನು... ಅಂಗಡಿಯವನು ಎರಡು ಸಲ ಕರೆದ ಮೇಲೆ ಎಚ್ಚರವಾಯಿತು.

ಬ್ಯಾಂಕುಗಳು ಮುಗ್ಗರಿಸಿ, ನಮ್ಮವರ ಆಫೀಸಿನಲ್ಲಿ ಜನ ರಟ್ಟಿನ ಪೆಟ್ಟಿಗೆ ಹಿಡಿದು ಹೊರಬೀಳುತ್ತಿದ್ದ ಕಾಲ ಅದು. ಆಗ ನಾವಿದ್ದ ಸಣ್ಣ ಊರಿನಲ್ಲಿ ಬೇಸ್‌ಬಾಲಿನ ಕೆಳದರ್ಜೆಯ ತಂಡವೊಂದಿತ್ತು. ಆ ಆಟಗಾರರ ಸಂಬಳ ಬಾಡಿಗೆಗೂ ಸಾಲದು. ಹಾಗಾಗಿ ಊರಿನವರು ಒಬ್ಬೊಬ್ಬರನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಹೂಂ ಎಂದು ಬಂದಿದ್ದರು.

ಬಂದು ನಮ್ಮ ಮೇಲಿನ ರೂಮು ಸೇರಿದವನು ಅಲಬಾಮಾ ಕಡೆಯವನು, ಔಟ್‌ಫೀಲ್ಡರ್. ನಮ್ಮ ಕ್ರಿಕೆಟ್ಟಿನ ಲೆಕ್ಕದಲ್ಲಿ ಬೌಂಡರಿ ಕಾಯುವವನು. ಊಟಕ್ಕೆ ಕೂತರೆ ಮೂರು ಜನರ ಸಾರನ್ನ ಒಬ್ಬನೇ ಮುಗಿಸುತ್ತಿದ್ದ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆಗೆ ಅದಕ್ಕಿಂತ ಬೇರೆ ಯೋಗ್ಯತೆ ಬೇಕಿರಲಿಲ್ಲ. ಅವರದು ಕನ್ನಡ, ಅವನದು ಇಂಗ್ಲಿಷ್. ಆದರೂ ಬಿಡುವಿದ್ದಾಗಲೆಲ್ಲ ಇಬ್ಬರೂ ಹರಟುತ್ತಿದ್ದರು. ಈ ವರ್ಷ ಮೇಲಿನ ತಂಡಕ್ಕೆ ಹೋಗದಿದ್ದರೆ ತನ್ನ ಕಥೆ ಮುಗಿಯಿತೆಂದು ಅವನು ಮೊದಲ ವಾರವೇ ನನಗೆ ಹೇಳಿದ್ದ.

ಜುಲೈಯಲ್ಲಿ ಚೆಂಡಿನ ಹಿಂದೆ ಓಡಿ ಗೋಡೆಗೆ ಗುದ್ದಿಕೊಂಡು ಭುಜದ ಕೀಲು ತಪ್ಪಿಸಿಕೊಂಡ. ಚೆಂಡನ್ನೇನೋ ಹಿಡಿದಿದ್ದ. ಸೀಸನ್ ಮುಗಿದು ಉಳಿದವರೆಲ್ಲ ತಮ್ಮ ಊರುಗಳಿಗೆ ಹೋದರು, ಇವನು ಚಿಕಿತ್ಸೆಗೆಂದು ನಮ್ಮಲ್ಲೇ ಉಳಿದ. ಅತ್ತೆ ದಿನವೂ ಎಳ್ಳೆಣ್ಣೆ ಬಿಸಿ ಮಾಡಿ ಅವನ ಭುಜಕ್ಕೆ ತಿಕ್ಕಿದರು.

ದಸರೆಯ ಹೊತ್ತಿಗೆ ತಂಡದ ಡಾಕ್ಟರು ಭುಜ ಪೂರ್ತಿ ಗುಣವಾಯಿತೆಂದರು. ಅತ್ತೆ ಶಾವಿಗೆ ಪಾಯಸ ಮಾಡಿದರು. ಅವನು ಒಂದೇ ಲೋಟ ಕುಡಿದು ಸಾಕೆಂದ. ಯಾಕೆಂದು ಕೇಳಿದೆ. ಗಾಯಗೊಂಡವನನ್ನು ತಂಡ ತೆಗೆಯುವಂತಿಲ್ಲ, ಗುಣವಾದವನನ್ನು ಯಾವಾಗ ಬೇಕಾದರೂ ತೆಗೆಯಬಹುದು ಎಂದ. ನಾವು ಪಾಯಸ ಮಾಡಿದ್ದು ಆ ಸುದ್ದಿಗೆ. ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಯುಧಪೂಜೆಯ ದಿನ ನಮ್ಮವರ ಲ್ಯಾಪ್‌ಟಾಪು, ನನ್ನ ಈಳಿಗೆಮಣೆ, ಕಾರಿನ ಕೀಲಿಗಳು ದೇವರ ಮುಂದೆ ಸೇರಿದವು. ಅತ್ತೆ ಮೆಟ್ಟಿಲ ಬಳಿ ನಿಂತು ಅವನನ್ನು ಕರೆದರು.

“ನಿಂದೂ ತಗೊಂಡ್ಬಾರೋ ಮಗು. ಅನ್ನ ಕೊಡೋ ವಸ್ತು, ಅದಕ್ಕೂ ಪೂಜೆ ಆಗ್ಬೇಕು.”

ಅವನು ಬ್ಯಾಟು, ದಿನವೂ ರೂಮಿನಲ್ಲಿ ಕೂತು ಎಣ್ಣೆ ತಿಕ್ಕುತ್ತಿದ್ದ ಚರ್ಮದ ಗ್ಲೌಸು ತಂದಿಟ್ಟ. ಅತ್ತೆ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದರು. ನಾಳೆ ಪೂಜೆ ಕದಲಿಸುವವರೆಗೆ ಮುಟ್ಟಬಾರದೆಂದು ನಾನು ಬಿಡಿಸಿ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿದ.

ಒಬ್ಬಟ್ಟಿನ ಊಟದ ನಡುವೆ ಫೋನ್ ಬಂತು. ಹಿತ್ತಲಿಗೆ ಹೋಗಿ ಮಾತಾಡಿದ. ಮಾತಾಡಿದ ಅನ್ನುವುದೇನು, ಕೇಳಿಸಿಕೊಂಡ. ಒಳಗೆ ಬಂದು ತಟ್ಟೆಯಲ್ಲಿ ಉಳಿದದ್ದನ್ನು ತಿಂದು ಮುಗಿಸಿ, ತನ್ನನ್ನು ತೆಗೆದಿದ್ದಾರೆ ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ. ಪಾಪ, ಅವನಿಗೆ ಕೈಗೂ ಬಂದಿರಲಿಲ್ಲ.

ಸಂಜೆಗೇ ಹೊರಟುನಿಂತ. ಊರಿಗೆ ಹೋಗುತ್ತಾನಂತೆ ಎಂದಷ್ಟೇ ಅತ್ತೆಗೆ ಹೇಳಿದೆ. ಬಟ್ಟೆಬರೆ ತನ್ನ ಕಾರಿಗೆ ತುಂಬಿ, ದೇವರ ಮುಂದೆ ಬಂದು ಕೈಕಟ್ಟಿ ನಿಂತ. ಮಡಿಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಅತ್ತೆ ತಾವೇ ಬಗ್ಗಿ ಬ್ಯಾಟು ಎತ್ತಿದರು.

“ದೇವ್ರು ಏನೂ ಅನ್ಕೊಳಲ್ಲ. ತಗೊಂಡ್ಹೋಗೋ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅತ್ತೆಯ ಕೈಯಿಂದ ಬ್ಯಾಟು ತೆಗೆದುಕೊಂಡು ಮತ್ತೆ ಗ್ಲೌಸಿನ ಪಕ್ಕ ಅದೇ ಜಾಗದಲ್ಲಿಟ್ಟ.

“ಅಲ್ಲೇ ಇರಲಿ ಮ್ಯಾಮ್,” ಎಂದ ಇಂಗ್ಲಿಷಿನಲ್ಲಿ. “ನಾಳೆಯೂ ಅದಕ್ಕೆ ಕೆಲಸವಿಲ್ಲ.”

ಅತ್ತೆಗೆ ಅದನ್ನು ಏನೆಂದು ತಿಳಿಸಲಿ? ಮುಂದಿನ ಸಲ ಬಂದಾಗ ಒಯ್ಯುತ್ತಾನಂತೆ ಎಂದೆ.

ಅವನಿಂದ ಒಂದು ಫೋನೂ ಬರಲಿಲ್ಲ. ನಾವು ಮಾಡಿದರೆ ಆ ನಂಬರು ಬೇರೆ ಯಾರದೋ ಆಗಿತ್ತು. ವರ್ಷವೂ ಆಯುಧಪೂಜೆಗೆ ನಾನೇ ಆ ಬ್ಯಾಟನ್ನು ತಂದು ದೇವರ ಮುಂದೆ ಇಡುತ್ತಿದ್ದೆ. ಮೈಸೂರಿಗೆ ಹಿಂತಿರುಗಿದ ಅತ್ತೆ ಮಾತ್ರ ಪ್ರತಿ ದಸರೆಗೂ ಫೋನ್ ಮಾಡಿ, ಮಗು ಬಂದು ಬ್ಯಾಟು ತಗೊಂಡು ಹೋದನಾ ಎಂದು ಕೇಳುತ್ತಿದ್ದರು. ಬರ್ತಾನೆ ಅತ್ತೆ, ಅನ್ನುತ್ತಿದ್ದೆ. ಅವರಿಗೆ ಹೇಳಿ ಹೇಳಿ ನನಗೂ ಅರ್ಧ ನಂಬಿಕೆ ಬಂದಿತ್ತೇನೋ...

ಹೋದ ವರ್ಷ ಅತ್ತೆ ತೀರಿಕೊಂಡರು. ಈ ದಸರೆಗೆ ಫೋನ್ ಬರಲಿಲ್ಲ. ಪೂಜೆಗೆ ಸಾಮಾನು ಜೋಡಿಸುತ್ತಿದ್ದ ನಮ್ಮವರು ಬ್ಯಾಟು ಎಲ್ಲಿ ಎಂದು ಕೇಳಿದರು. ಅವನು ಬರಲ್ಲ ಬಿಡಿ, ಅಂದೆ.