ಮಾರ್ತವ್ವನ ಹಿಡಿಜೋಳ

ಮಾರ್ತವ್ವನ ಬಲಗೈ ಮಣಿಕಟ್ಟಿನವರೆಗೆ ಕೆಂಗಂದು ಬಣ್ಣದ್ದಾಗಿತ್ತು. ತಂಗಡಿ ತೊಗಟೆಯ ನೀರಿನಲ್ಲಿ ಜೀವಮಾನವೆಲ್ಲ ತೊಗಲು ಅದ್ದಿ ಹಿಡಿದ ಬಣ್ಣ. ಯಾವ ಸೀಗೆಕಾಯಿಗೂ ಹೋಗುವಂಥದ್ದಲ್ಲ. ಊರಿನ ಅಂಗಡಿಯವನು ಆ ಕೈ ಕಂಡೊಡನೆ ಬೆಲ್ಲವನ್ನು ಎಲೆಯ ಮೇಲಿಟ್ಟು ಕಿರುಬೆರಳಿನಿಂದ ಕಟ್ಟೆಯ ಅಂಚಿಗೆ ಸರಿಸುತ್ತಿದ್ದ. ಅವನು ಸತ್ತು ಬಹಳ ಕಾಲವಾಯಿತು. ಆ ಕಿರುಬೆರಳನ್ನು ನಾನು ಮರೆತಿಲ್ಲ.

ಅವಳು ನನ್ನ ತಾಯಿಯ ಅಕ್ಕ. ಮಸ್ಕಿಯಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ, ತೊಗಲು ಹದಮಾಡುವ ನಮ್ಮ ಕೇರಿ ಅಜ್ಜನ ಕಾಲಕ್ಕೇ ಕ್ರಿಸ್ತನ ಹೆಸರು ಹಿಡಿದಿತ್ತು. ಹೆಸರು ಬದಲಾಯಿತೇ ಹೊರತು ಹೊಟ್ಟೆಪಾಡು ಬದಲಾಗಲಿಲ್ಲ. ಎತ್ತುಗಳು ಬಾವಿಯಿಂದ ನೀರೆಳೆಯುವ ತೊಗಲಿನ ಬಾನಿಗಳನ್ನು ಹೊಲಿಯುವವರು ನಾವು. ಆದರೆ ಹಸಿ ತೊಗಲು ಮಸ್ಕಿಯ ಸಾಹುಕಾರನದು. ಹೊಲಿದ ಬಾನಿಗೆ ಬೆಲೆ ಕಟ್ಟುವ ನಾಲಿಗೆಯೂ ಅವನದೇ. ಲಿಂಗಸುಗೂರಿನ ಸಂತೆಯಲ್ಲಿ ನಾವೇ ತೊಗಲು ಕೊಂಡು, ನಾವೇ ಹದಮಾಡಿ, ನಾವೇ ಮಾರಬೇಕು ಎಂಬುದು ಮಾರ್ತವ್ವನ ಹಟ. ಅದಕ್ಕೆ ಬೇಕಾದ ಬಂಡವಾಳವನ್ನು ಅವಳು ಬೀಸುವ ಕಲ್ಲಿನ ಪಕ್ಕದಿಂದ ಹೊರಡಿಸಿದಳು.

ಕೇರಿಯ ಪ್ರತಿ ಹೆಣ್ಣುಮಗಳೂ ಬೀಸಲು ಕೂರುವ ಮುನ್ನ ಒಂದು ಹಿಡಿ ಜೋಳವನ್ನು ಗಡಿಗೆಗೆ ಹಾಕಬೇಕು. ಅಳತೆ ಅವರವರ ಮುಷ್ಟಿ. ಶನಿವಾರ ಇಳಿಹೊತ್ತಿಗೆ ಮಾರ್ತವ್ವ ಜೋಳಿಗೆ ಹಿಡಿದು ಬಾಗಿಲು ಬಾಗಿಲಿಗೆ ನಿಂತು ಹೆಸರು ಕೂಗುತ್ತಿದ್ದಳು. ಒಳಗಿನಿಂದ "ತಗದೀನಿ" ಎಂದು ಉತ್ತರ ಬಂದರೆ ಗಡಿಗೆ ಬರಿದುಮಾಡಿಕೊಳ್ಳುವಳು. "ಬೀಸಿಲ್ಲ" ಎಂದರೆ ಆ ಮನೆಯಲ್ಲಿ ಬೀಸಲು ಕಾಳಿಲ್ಲ ಎಂದರ್ಥ. ಆಗ ಅವಳು ತನ್ನ ಜೋಳಿಗೆಯಿಂದಲೇ ಕಾಳು ತೆಗೆದು ಆ ಗಡಿಗೆಗೆ ಸುರಿದು ಮುಂದಿನ ಬಾಗಿಲಿಗೆ ನಡೆಯುವಳು. ಯಾವ ಮನೆಗೆ ಸುರಿದಳೆಂಬುದನ್ನು ಯಾರಿಗೂ ಹೇಳಿದವಳಲ್ಲ.

ಕೂಡಿದ ಜೋಳವನ್ನು ಪ್ರಾರ್ಥನೆಯ ಗುಡಿಸಲ ಮುಂದಿನ ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗಿನ ಆ ಕಣಜಕ್ಕೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಅಲ್ಲೊಂದು ಹಗೇವು ಇದೆಯೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. "ಹಗೇದ ಮಾತು ಹಗೇದಾಗ ಇರಬೇಕು" ಎನ್ನುತ್ತಿದ್ದಳು.

ಅದರ ಮೇಲೆ ಮೊದಲು ಕಣ್ಣಿಟ್ಟವರು ಪ್ರಾರ್ಥನೆ ನಡೆಸುವ ನಮ್ಮ ಉಪದೇಶಿಗಳೇ. ಗುಡಿಸಲಿಗೆ ಗಂಟೆ ತರಿಸೋಣ ಎಂದರು.

"ಗಂಟಿ ಹೊಡದ್ರ ದೇವರಿಗೆ ಕೇಳ್ತೈತ್ರಿ ಅಯ್ಯಾರ, ಹೊಟ್ಟಿಗೆ ಕೇಳಾಂಗಿಲ್ಲ" ಎಂದಳು ಮಾರ್ತವ್ವ. "ನಿಮ್ಮ ದನಿ ಏನು ಸಣ್ಣದೈತೇನು? ಸುಮ್ನ ಕೂಗ್ರಿ, ಬರ್ತೀವಿ."

ಎರಡನೆಯವನು ಊರಿನ ಪಾಟೀಲ. ಒಂದು ದಿನ ಕುದುರೆ ನಿಲ್ಲಿಸಿ, "ಏ ಮಾರ್ತಿ, ಏನೋ ಕೂಡಸಾಕತ್ತೀಯಂತ. ಒಂದು ಚೀಲ ಜ್ವಾಳ ಕಳಸ್ತೀನಿ, ಹಾಕ್ಕೋ" ಎಂದ. ಪಾಟೀಲನ ಚೀಲ ಒಳಗೆ ಬಂದರೆ ಅದರ ಹಿಂದೆಯೇ ಬಿಟ್ಟಿ ಚಾಕರಿ ಬರುತ್ತದೆಂಬುದು ಕೇರಿಗೆಲ್ಲ ಗೊತ್ತಿತ್ತು. ಮಾರ್ತವ್ವ ಸೆರಗು ಸರಿಮಾಡಿಕೊಂಡು ಹೇಳಿದಳು:

"ಚೀಲ ಬ್ಯಾಡ್ರಿ ಗೌಡ್ರ. ಗೌಡಸಾನಿಯವರು ಬೀಸಾಕ ಕುಂತಾಗ ಒಂದು ಹಿಡಿ ತಗದಿಡಾಕ ಹೇಳ್ರಿ. ಶನಿವಾರ ಬಂದು ಹೆಸರು ಹಿಡಿದು ಕೂಗ್ತೀನಿ."

ಪಾಟೀಲನ ಹೆಂಡತಿಯನ್ನು ನಮ್ಮ ಕೇರಿಯವಳು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವುದು! ಅವನು ಕುದುರೆ ತಿರುಗಿಸಿದ. ಅವನೂ ಮರೆಯುವ ಜಾತಿಯವನಲ್ಲವೆಂದು ನನಗೆ ಅಂದೇ ಹೊಳೆಯಬೇಕಿತ್ತು.

ಆಗ ನನಗೆ ಹತ್ತೊಂಬತ್ತು. ಲಿಂಗಸುಗೂರಿನ ಬೋರ್ಡಿಂಗ್ ಶಾಲೆಯಲ್ಲಿ ಓದಿ ಬಂದು, ಅದೇ ಗುಡಿಸಲಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಆ ವರ್ಷದ ಸುಗ್ಗಿಯ ಆರಾಧನೆಗೆ ಉಪದೇಶಿಗಳು ಊರ ಹಿರಿಯರನ್ನೂ ಕರೆದಿದ್ದರು. ಪಾಟೀಲ ಬಂದು, ಬೇವಿನ ಮರದ ಕೆಳಗೆ ತನ್ನ ಮನೆಯಿಂದಲೇ ತರಿಸಿದ ಹಗ್ಗದ ಮಂಚದ ಮೇಲೆ ಕುಳಿತಿದ್ದ. ನಾನು ಕಾಗದ ಹಿಡಿದು ಎದ್ದೆ. ಹಿಡಿಜೋಳ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಒಂದೊಂದಾಗಿ ಓದಿದೆ. ಪ್ರತಿ ಹೆಸರಿಗೂ ಒಬ್ಬೊಬ್ಬಳು ಎದ್ದು "ತಗದೀನಿ" ಎಂದಳು. ಕೊನೆಯಲ್ಲಿ, ಯಾರೂ ಕೇಳದಿದ್ದರೂ, ನಮ್ಮ ಹಗೇವು ಮುಕ್ಕಾಲು ಪಾಲು ತುಂಬಿದೆ, ಬರುವ ತಿಂಗಳು ತೊಗಲು ಕೊಳ್ಳುತ್ತೇವೆ ಎಂದೂ ಓದಿಬಿಟ್ಟೆ. ಚಪ್ಪಾಳೆ ಬಿತ್ತು. ಪಾಟೀಲನೂ ತಟ್ಟಿದ.

ಅದು ಯುದ್ಧದ ಕಾಲ. ನಿಜಾಮ ಸರ್ಕಾರ ಹೊಲ ಉಳ್ಳವರಿಂದ ಲೆವಿ ಎಂದು ಧಾನ್ಯ ಎತ್ತುತ್ತಿತ್ತು. ಊರಿನ ಪಾಲು ಭರ್ತಿಮಾಡುವ ಹೊಣೆ ಪಾಟೀಲನದು. ಅವನ ದನದ ಕೊಟ್ಟಿಗೆಯ ಅಡಿಯಲ್ಲಿ ಮೂರು ಹಗೇವುಗಳಿದ್ದವು; ಅವುಗಳ ಮಣ್ಣು ಬಿರಿಯಲಿಲ್ಲ. ಆ ತಿಂಗಳು ಕಳೆಯುವ ಮೊದಲೇ ಒಂದು ಮಧ್ಯಾಹ್ನ ಅವನು ಕಂದಾಯ ಇಲಾಖೆಯ ಗಿರದಾವರನನ್ನೂ ನಾಲ್ಕು ಆಳುಗಳನ್ನೂ ಕರೆದುಕೊಂಡು ನೇರ ಗುಡಿಸಲ ಮುಂದೆ ಬಂದು, ಕಾಲಿನಿಂದ ನೆಲ ತಟ್ಟಿ ತೋರಿಸಿದ.

"ಅಂಗೈಯಗಲ ಹೊಲ ಇಲ್ಲದವರಿಗೆ ಯಾವ ಲೆವಿರೀ?" ಎಂದು ನಾನು ಕೇಳಿದೆ.

"ಹೊಲ ಇಲ್ಲದವ್ರ ಹತ್ರ ಇಷ್ಟು ಜ್ವಾಳ ಎಲ್ಲಿಂದ ಬಂತು, ಟೀಚರಮ್ಮ? ಕದ್ದದ್ದೋ, ಬಚ್ಚಿಟ್ಟದ್ದೋ, ನೀವ ಹೇಳ್ರಿ" ಎಂದ ಗಿರದಾವರ. ನಾನು ಅಲ್ಲಿಯೇ ಕುಳಿತು ಬರೆದ ಅರ್ಜಿಯನ್ನು ಒಂದು ಸಾಲೂ ಓದದೆ ಹಿಂದಿರುಗಿಸಿದ. ಅದು ಸರ್ಕಾರದ ಭಾಷೆಯಾದ ಉರ್ದುವಿನಲ್ಲಿರಲಿಲ್ಲ.

ಆಳುಗಳು ಚಪ್ಪಡಿ ಎತ್ತಿದರು. ಹುಳಿತ ಕಾಳಿನ ಕಾವು ಮುಖಕ್ಕೆ ರಾಚಿತು. ಒಬ್ಬ ಹುಡುಗಪ್ರಾಯದ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾಲು ಇಳಿಬಿಟ್ಟ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ತೆರೆದ ಕೂಡಲೇ ಇಳಿದವನು ಹೆಣವಾಗಿ ಬರುತ್ತಾನೆ. ಇದು ಕೇರಿಯ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇದನ್ನು ಬರೆಯುವುದು ಸುಲಭವಲ್ಲ. ಆದರೆ ಪರರ ತಪ್ಪನ್ನು ಇಷ್ಟು ನೆನಪಿಟ್ಟವಳು ತನ್ನದನ್ನು ಬಿಟ್ಟರೆ ಅದು ನ್ಯಾಯವಲ್ಲ.

ಮಾರ್ತವ್ವ ಓಡಿ ಬಂದು ಆ ಆಳಿನ ರಟ್ಟೆ ಹಿಡಿದಳು. "ಇಳೀಬ್ಯಾಡೋ ನನ್ನಪ್ಪ. ಉಸಿರು ಕಟ್ತೈತಿ. ಮೊದ್ಲ ದೀಪ ಇಳಸ್ರಿ."

"ಹೊತ್ತು ಕಳ್ಯಾಕ ನಾಟಕ ಮಾಡ್ತೀ?" ಎಂದ ಗಿರದಾವರ.

ಅವಳು ಗುಡಿಸಲಿನಿಂದ ಕಂದೀಲು ತಂದು, ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದಳು. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ನಂದಿತು. ಗಿರದಾವರ ಎರಡು ಹೆಜ್ಜೆ ಹಿಂದೆ ಸರಿದ. ಬಿಸಿಲು ಇಳಿಯುವ ತನಕ ಎಲ್ಲರೂ ಕಾಯಬೇಕಾಯಿತು. ಮಾರ್ತವ್ವ ಆಳುಗಳಿಗೆ ನೀರು ಕೊಟ್ಟಳು, ಮತ್ತೆ ದೀಪ ಇಳಿಸಿದಳು, ಅದು ಉರಿದ ಮೇಲೆಯೇ "ಈಗ ಇಳೀ" ಎಂದಳು. ನಾಲ್ಕು ವರ್ಷ ಹಿಡಿಹಿಡಿಯಾಗಿ ಕೂಡಿದ ಜೋಳ ಚೀಲಗಳಲ್ಲಿ ಎರಡು ಬಂಡಿ ಏರಿ ಹೋಯಿತು. ಅವರಲ್ಲಿ ಒಬ್ಬನೂ ಅವಳಿಗೆ ಒಂದು ಒಳ್ಳೆಯ ಮಾತು ಆಡಲಿಲ್ಲ.

ಮುಂದಿನ ಶನಿವಾರ ಅವಳು ಜೋಳಿಗೆ ಹಿಡಿದು ಹೊರಟಳು. ಯಾವ ಬಾಗಿಲಿನಿಂದಲೂ "ತಗದೀನಿ" ಬರಲಿಲ್ಲ, "ಬೀಸಿಲ್ಲ" ಎಂದೂ ಬರಲಿಲ್ಲ. ಅದರ ಮುಂದಿನ ವಾರವೂ ಹಾಗೆಯೇ. ಮೂರನೆಯ ವಾರ ಅವಳು ಹೊರಡಲಿಲ್ಲ. ಗಂಡಸರು ಮತ್ತೆ ಸಾಹುಕಾರನ ತೊಗಲು ತಂದರು.

ಮರುವರ್ಷದ ಚಳಿಗೆ ಅವಳು ಹಾಸಿಗೆ ಹಿಡಿದಳು. ನೋಡಲು ಹೋದ ದಿನ ಪಕ್ಕದಲ್ಲಿ ಕುಳಿತು, ವರ್ಷವಿಡೀ ನುಂಗಿದ್ದನ್ನು ಹೇಳಿದೆ: "ದೊಡ್ಡವ್ವ, ಪಾಟೀಲಗ ಹಗೇ ತೋರಿಸಿದಾಕಿ ನಾನ. ಸುಗ್ಗಿ ದಿನ ನಾ ಓದಿದ್ದು..."

"ನಾ ಅಲ್ಲೇ ಕುಂತಿದ್ದಿಲ್ಲೇನು?" ಎಂದಳು. "ಗೌಡ ಕೇಳಾಕತ್ತಾನಂತ ಕಂಡೆ. ನಿನ್ನ ಬಾಯಿ ಮುಚ್ಚಸಬೇಕಿತ್ತು. ಆದ್ರ ನಮ್ಮ ಕೇರಿ ಹೆಣ್ಮಕ್ಕಳ ಹೆಸರು ಯಾವ ಕಾಗದದಾಗ ಯಾರು ಓದಿದ್ರವ್ವ? ಕೊನೀತನಕ ಕೇಳಬೇಕನಿಸ್ತು. ಆಸಿ ನಂದೂ ಇತ್ತು." ಆಮೇಲೆ ನನ್ನತ್ತ ಹೊರಳಿ ಕೇಳಿದಳು: "ಆ ಕಾಗದ ಐತೇನು?"

ಕಾಗದವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೇರಿಯ ಮೇಲಿನ ತುದಿಯಿಂದ ಹಿಡಿದು ಹೆಸರುಗಳನ್ನು ಹೇಳತೊಡಗಿದೆ. ಪ್ರತಿ ಹೆಸರಿಗೂ ಅವಳೇ, ಆ ಮನೆಯವಳ ಬದಲಾಗಿ, "ತಗದೀನಿ" ಎನ್ನುತ್ತಿದ್ದಳು. ಕೆಳಗಿನ ಓಣಿಗೆ ಬರುವಷ್ಟರಲ್ಲಿ ದನಿ ಅಡಗಿತು. ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ಅದೂ ನಿಂತಿತು. ನಾನು ನಿಲ್ಲಿಸಲಿಲ್ಲ. ಅಂದು ಪಟ್ಟಿ ಬರೆಯುವಾಗ ತನ್ನ ಹೆಸರು ಕೊನೆಗೆ ಬರಬೇಕೆಂದು ಅವಳೇ ಹೇಳಿದ್ದಳು, ಅದು ಕೊನೆಗೇ ಬಂತು. ಎರಡು ಸಲ ಕೂಗಿದೆ. ಹೊದಿಕೆಯ ಮೇಲೆ ಆ ಕೆಂಗಂದು ಕೈ ಅಂಗಾತ ಬಿದ್ದಿತ್ತು. ಅವಳ ಪರವಾಗಿ ಉತ್ತರ ಕೊಡಲು ಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. "ತಗದೀನಿ" ಎನ್ನಲು ನನಗೆ ಬಾಯಿ ಬರಲಿಲ್ಲ.